ಬರೇ ಪಾಪ

ಇಳಕಲ್
೩ ಜುಲೈ ೧೯೮೪

ಮಗಳು ಸಲೋಮಿಗೆ,

ನಿನ್ನ ತಂದೆ ಯೋನಪ್ಪನ ವಂದನೆ. ಮೊದಲು ಆಶೀರ್ವಾದ ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಆಶೀರ್ವದಿಸುವ ಯೋಗ್ಯತೆ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವಳು ನಜೀರಸಾಬರ ಮಗಳು ನಜಮಾ. ಕೊಡುವುದಿಲ್ಲ ಎಂದೇ ಹಟ ಹಿಡಿದಿದ್ದಳು. ಮೂರು ದಿನ ಅವರ ನೂಲಿಗೆ ಬಣ್ಣ ಹಾಕುವ ಹಂಡೆಯ ಹತ್ತಿರ ಹೋಗಿ ಕುಳಿತ ಮೇಲೆ ಕೊಟ್ಟಳು. ಅವಳ ಮೇಲೆ ಸಿಟ್ಟಾಗಬೇಡ.

ಹನ್ನೊಂದು ವರ್ಷ ನಾನು ನಿನಗೆ ಬರೆಯಲಿಲ್ಲ. ನೀನು ಬರೆದ ಎರಡು ಪತ್ರಗಳನ್ನು ಒಡೆಯದೆ ತಿರುಗಿ ಕಳಿಸಿದೆ. ಈಗ ಬರೆಯುವ ಕಾರಣ ಹೇಳುತ್ತೇನೆ.

ಹೋದ ತಿಂಗಳು, ಪವಿತ್ರಾತ್ಮ ಶಿಷ್ಯರ ಮೇಲೆ ಇಳಿದ ಪಂಚಾಶತ್ತಮ ಹಬ್ಬದ ಆರಾಧನೆಗೆ ಹುನಗುಂದದಿಂದ ಹೊಸ ಪಾದ್ರಿ ಅಯ್ಯನವರು ಬಂದಿದ್ದರು. ಇನ್ನೂ ಹುಡುಗ. ಕ್ಷಮೆಯಿಲ್ಲದ ಪಾಪ ಯಾವುದು ಎಂದು ಪ್ರಸಂಗ ಮಾಡಿದರು. ಕೊಂದವನಿಗೆ ಕ್ಷಮೆಯುಂಟು, ಹಾದರ ಮಾಡಿದವನಿಗೆ ಉಂಟು, ಕರ್ತನನ್ನೇ ಬೈದವನಿಗೂ ಉಂಟು. ಪವಿತ್ರಾತ್ಮನ ಕೆಲಸವನ್ನು ಕಣ್ಣಾರೆ ಕಂಡು ಇದು ದೆವ್ವದ ಕೆಲಸ ಎಂದವನಿಗೆ ಮಾತ್ರ ಇಲ್ಲಿಯೂ ಇಲ್ಲ, ಮುಂದಿನ ಲೋಕದಲ್ಲಿಯೂ ಇಲ್ಲ. ಸಭೆಯ ಹಿರಿಯನಾಗಿ ಈ ಮಾತನ್ನು ನಾನೇ ಎಷ್ಟೋ ಸಲ ಓದಿ ಹೇಳಿದ್ದೇನೆ. ಆ ದಿನ ಮೊದಲ ಸಲ ನನಗೆ ಕೇಳಿಸಿತು.

ಎಪ್ಪತ್ತಮೂರನೆಯ ಇಸವಿಯ ಶುಭ ಶುಕ್ರವಾರ ನಮ್ಮ ಮನೆಯ ಪ್ರಾರ್ಥನಾಕೂಟದಲ್ಲಿ ನೀನು ನಡುಗಿದೆ. ಜಡೆ ಬಿಚ್ಚಿಹೋಯಿತು. ಯಾರಿಗೂ ತಿಳಿಯದ ಮಾತು ಆಡಿದೆ. ಹದಿನಾಲ್ಕು ಮನೆಯವರ ಎದುರು ನಾನು ಎದ್ದು ನಿಂತು ಹೇಳಿದೆ, "ಇದು ಆತ್ಮ ಅಲ್ಲ, ದೆವ್ವ." ಆಮೇಲೆ ಮಾಡಿದ್ದನ್ನು ಬರೆಯಲು ಕೈ ಏಳುವುದಿಲ್ಲ. ನಿನ್ನ ಎಡಗಣ್ಣಿಗೆ ಗೊತ್ತಿದೆ.

ಮೊನ್ನೆ ಭಾನುವಾರ ಕರ್ತನ ಭೋಜನದ ರೊಟ್ಟಿಯ ತಟ್ಟೆ ನನ್ನ ಮುಂದೆ ಬಂದಾಗ ಮುಟ್ಟದೆ ಪಕ್ಕದವನಿಗೆ ದಾಟಿಸಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ.

ನಿನ್ನನ್ನು ಕೇಳುವುದು ಒಂದೇ ಪ್ರಶ್ನೆ. ಆ ದಿನ ನಿನ್ನ ಮೇಲೆ ಬಂದದ್ದು ಏನು? ದೆವ್ವವಾಗಿದ್ದರೆ ನಾನು ಹೇಳಿದ್ದು ಖರೆ. ಆತ್ಮನಾಗಿದ್ದರೆ ನನಗೆ ಬಿಡುಗಡೆಯಿಲ್ಲ, ಅದಾದರೂ ಗೊತ್ತಾಗಲಿ. ನಿನ್ನನ್ನು ಬಿಟ್ಟು ಹೇಳುವವರು ಬೇರೆ ಯಾರೂ ಇಲ್ಲ.

ಇಂತಿ,
ಯೋನಪ್ಪ


ಬಾಗಲಕೋಟೆ
೨೬ ಆಗಸ್ಟ್ ೧೯೮೪

ಅಪ್ಪನಿಗೆ,

ನಿಮ್ಮ ಪತ್ರ ಬಂದು ಏಳು ವಾರವಾಯಿತು. ನಾನೂ ತಿರುಗಿ ಕಳಿಸಬೇಕೆಂದಿದ್ದೆ. ಆದರೆ ಒಡೆಯದೆ ಕಳಿಸುವಷ್ಟು ಗಟ್ಟಿ ಎದೆ ನನ್ನದಲ್ಲ.

ಎರಡು ಸಲ ಓದಿದೆ. "ಹೇಗಿದ್ದೀ" ಎಂಬ ಮಾತು ಎಲ್ಲಾದರೂ ಇದೆಯಾ ಎಂದು ಹುಡುಕಿದೆ. ಸಿಗಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಇಲ್ಲಿ ಒಂದು ಹೆರಿಗೆ ದವಾಖಾನೆಯಲ್ಲಿ ಆಯಾ ಆಗಿದ್ದೇನೆ. ಕೂಸುಗಳಿಗೆ ಎರೆಯುವುದು ನನ್ನ ಕೆಲಸ. ಮೊದಲ ದಿನ ಬಾಣಂತಿಯರು ನನ್ನನ್ನು ನೋಡಿ ಕೂಸಿನ ಮುಖದ ಮೇಲೆ ಸೆರಗು ಎಳೆಯುತ್ತಾರೆ, ಒಂಟಿಗಣ್ಣಿನವಳ ದೃಷ್ಟಿ ತಾಗೀತು ಅಂತ. ಮೂರನೆಯ ದಿನಕ್ಕೆ "ಸಲೋಮಿನ ಕರೀರಿ, ಆಕಿ ಎರದ್ರ ಕೂಸು ಅಳೂದಿಲ್ಲ" ಅನ್ನುತ್ತಾರೆ. ನನ್ನ ಸುಖ ಇಷ್ಟು.

ನಿಮಗೆ ಬರೆಯಲು ಕೈ ಏಳದ್ದನ್ನು ನಾನೇ ಬರೆಯುತ್ತೇನೆ. ಸಭೆಯ ಇಬ್ಬರು ನನ್ನ ಕೈ ಹಿಂದಕ್ಕೆ ಹಿಡಿದರು. ನೀವು ಅಗ್ಗಿಷ್ಟಿಕೆಯ ಕೆಂಡಕ್ಕೆ ಎರಡು ಮುಷ್ಟಿ ಒಣಮೆಣಸಿನಕಾಯಿ ಸುರಿದು ನನ್ನ ತಲೆಯನ್ನು ಹೊಗೆಯೊಳಗೆ ಬಗ್ಗಿಸಿದಿರಿ. "ಯಾರು ನೀ? ಹೆಸರು ಹೇಳು" ಎಂದು ಕೇಳಿದಿರಿ. "ಅಪ್ಪಾ, ನಾ ಸಲೋಮಿ" ಅಂದೆ. "ಸುಳ್ಳು" ಅಂದಿರಿ. ಮತ್ತೆ ಕೇಳಿದಿರಿ, ಮತ್ತೆ ಹೇಳಿದೆ. ಮೂರನೆಯ ಸಲ ಕೊಸರಿಕೊಂಡಾಗ ಮುಖ ಕೆಂಡದ ಮೇಲೆ ಬಿತ್ತು. ಮುಂದಿನ ತಿಂಗಳು ಸಭೆಯ ಪಟ್ಟಿಯಿಂದ ನನ್ನ ಹೆಸರು ತೆಗೆದವರೂ ನೀವೇ.

ನಾನು ನಾನೇ ಎಂದು ಹೇಳಿದಾಗ ನಂಬದವರು ಈಗ ನನ್ನ ಒಂದು ಮಾತಿನ ಮೇಲೆ ನಿಮ್ಮ ಪರಲೋಕವನ್ನು ತಂದು ಇಟ್ಟಿದ್ದೀರಿ. ನಗು ಬರುತ್ತದೆ.

ಉತ್ತರ ನನಗೆ ಗೊತ್ತಿದೆ. ಕೊಡುವುದಿಲ್ಲ. ಕಣ್ಣಿಗೆ ಅರಿವೆ ಕಟ್ಟಿಕೊಂಡು ಹಿತ್ತಲ ಕೋಣೆಯಲ್ಲಿ ಒಂಬತ್ತು ದಿನ ಬಿದ್ದಿದ್ದೆ. ನೀವು ಬಂದು ಒಂದು ಮಾತು ಆಡುತ್ತೀರಿ ಎಂದು ಕಾದೆ. ಗೋಡೆಯ ಆಚೆ ಮಗ್ಗದ ಸದ್ದು ಮಾತ್ರ ಕೇಳುತ್ತಿತ್ತು. ಈಗ ನೀವು ಕಾಯಿರಿ. ನಿಮ್ಮನ್ನು ಕಾಯಿಸುವುದು ನನಗೆ ಹಿತವಾಗಿದೆ, ಅದನ್ನೇನೂ ಮುಚ್ಚಿಡುವುದಿಲ್ಲ.

ಸಲೋಮಿ


ಇಳಕಲ್
೧೪ ಅಕ್ಟೋಬರ್ ೧೯೮೪

ಸಲೋಮಿಗೆ,

ನೀನು ಬರೆದದ್ದೆಲ್ಲ ಖರೆ. ಒಂದಕ್ಷರವೂ ಹೆಚ್ಚಿಲ್ಲ.

ನಿನಗೆ ಎಂದೂ ಹೇಳದ ಒಂದು ಸಂಗತಿ ಇದೆ. ನನ್ನ ಅವ್ವ ರಂಗವ್ವ. ಊರು ಚೊಳಚಗುಡ್ಡದ ಆಚೆ. ಬೀರಪ್ಪನ ಗುಡಿಯ ಮುಂದೆ ಡೊಳ್ಳು ಬಾರಿಸಿದರೆ ಅವಳ ಮೈ ತುಂಬುತ್ತಿತ್ತು. ಜನ ಕಾಲಿಗೆ ಬಿದ್ದು ಹೇಳಿಕೆ ಕೇಳುತ್ತಿದ್ದರು. ನನಗೆ ಎಂಟು ವರ್ಷವಿದ್ದಾಗ ತಂಗಿಗೆ ಜ್ವರ ಬಂತು. ಮೈ ತುಂಬಿದ ಅವ್ವ "ಔಷಧ ಬ್ಯಾಡ, ಭಂಡಾರ ಸಾಕು" ಎಂದಳು. ಹಣೆಗೆ ಅರಿಶಿಣದ ಭಂಡಾರ ಹಚ್ಚಿದೆವು, ನಾಲ್ಕನೆಯ ದಿನ ತಂಗಿ ಸತ್ತಳು. ಮೈ ಇಳಿದ ಮೇಲೆ ಅವ್ವನಿಗೆ ತಾನು ಹಾಗೆ ಹೇಳಿದ್ದೇ ನೆನಪಿರಲಿಲ್ಲ. "ಯಾರು ಬ್ಯಾಡಂದ್ರು? ಯಾಕ ಔಷಧ ಕೊಡಲಿಲ್ಲ?" ಎಂದು ನಮ್ಮನ್ನೇ ಕೇಳಿ ಎದೆ ಬಡಿದುಕೊಂಡಳು. ಅವಳೂ ಅದೇ ವರ್ಷ ಹೋದಳು. ಮಿಶನ್ನಿನವರು ನನ್ನನ್ನು ಸಾಕಿ ಅಕ್ಷರ ಕಲಿಸಿ ಮಗ್ಗಕ್ಕೆ ಕೂರಿಸಿದರು.

ಆ ಶುಕ್ರವಾರ ನಿನ್ನ ಬಲಗೈ ತೊಡೆಗೆ ಬಡಿಯುವುದನ್ನು ಕಂಡೆ. ರಂಗವ್ವನದೂ ಹಾಗೆಯೇ ಬಡಿಯುತ್ತಿತ್ತು. ನಾನು ದಾಟಿ ಬಂದದ್ದು ನನ್ನ ಮನೆಯ ಹೊಸ್ತಿಲಿಗೆ ಬಂದು ನಿಂತಿದೆ ಎಂದು ತಿಳಿದೆ.

ಇದನ್ನು ಪಾದ್ರಿ ಅಯ್ಯನವರಿಗೂ ಹೇಳಿದೆ. "ಬೆಳಕು ಬೆಳಕೇ ಎಂದು ಗೊತ್ತಿದ್ದು, ಬೇಕೆಂದೇ ಅದನ್ನು ಕತ್ತಲೆ ಎನ್ನುವವನಿಗೆ ಮಾತ್ರ ಆ ಮಾತು ಅನ್ವಯಿಸುತ್ತದೆ. ನೀವು ಅರಿಯದೆ ಅಂದಿರಿ. ಆ ಪಾಪ ಮಾಡಿದವನಿಗೆ ಹೀಗೆ ಅಂಜಿಕೆಯೂ ಬರುವುದಿಲ್ಲ" ಎಂದರು. ಒಳ್ಳೆಯ ಹುಡುಗ. ಆದರೆ ಆ ದಿನ ಅವರು ಅಲ್ಲಿರಲಿಲ್ಲ.

ಅವರಿಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ. ಎದ್ದು ನಿಲ್ಲುವ ಮೊದಲು ನಿನ್ನ ಮುಖ ನೋಡಿದೆ. ರಂಗವ್ವನ ಮುಖ ಹಾಗಿರುತ್ತಿರಲಿಲ್ಲ. ನೀನು ನಗುತ್ತಿದ್ದೆ. ಒಂದು ಗಳಿಗೆ ನನ್ನೊಳಗೆ ಯಾರೋ "ಸುಮ್ಮನಿರು" ಎಂದ ಹಾಗಾಯಿತು. ಆಗಲೇ ಹಿಂದಿನಿಂದ ಒಬ್ಬರು "ಹಿರಿಯರ ಮಗಳಿಗೇ ಹಿಂಗಾತಲ್ಲ" ಎಂದದ್ದು ಕಿವಿಗೆ ಬಿತ್ತು. ನಾಚಿಕೆಯಾಯಿತು. ಎದ್ದು ನಿಂತು ಹೇಳಿಬಿಟ್ಟೆ. ಹೀಗಿರುವಾಗ ಅರಿಯದೆ ಎಂದು ಹೇಗೆ ಹೇಳಲಿ?

ಎರಡು ತಿಂಗಳಿಂದ ಮಗ್ಗಕ್ಕೆ ಕೂತಿಲ್ಲ. ಕೆಮ್ಮಿದರೆ ರಕ್ತ ಬರುತ್ತದೆ. ಕಾಯಿ ಎಂದಿದ್ದೀ, ಕಾಯುತ್ತೇನೆ. ಬಹಳ ದಿನ ಆಗಲಿಕ್ಕಿಲ್ಲ.

ನೀನು ಹೇಗಿದ್ದೀ?

ಯೋನಪ್ಪ


ಇಳಕಲ್
೨ ಡಿಸೆಂಬರ್ ೧೯೮೪

ಸಲೋಮಿ, ನನ್ನವ್ವಾ,

ನಿಮ್ಮವ್ವ ರೂತವ್ವ ಹೇಳಿ ಬರಸೂದು. ನಜಮಾ ಬರಿಯಾಕತ್ತಾಳ. ನಾ ಅಂದಿದ್ದು ಅಂದಾಂಗ ಬರಿ, ಚಂದ ಮಾಡಬ್ಯಾಡ ಅಂದೇನಿ.

ನಿಮ್ಮಪ್ಪನ ಎದಿ ಪೂರ್ತಿ ಹೋಗೇತಿ ಅಂತ ಡಾಕ್ಟರು ಅಂದ್ರು. ಸಾಯೂದಕ್ಕ ಅವರು ಅಂಜೂದಿಲ್ಲ. ಸತ್ತ ಮ್ಯಾಲಿಂದಕ್ಕ ಅಂಜತಾರ. ಹಾಸಿಗಿ ಮ್ಯಾಲೆ ಗ್ವಾಡಿ ಕಡೆ ಮುಖಾ ಮಾಡಿ ಮಲಗತಾರ. ಪಾದ್ರಿ ಅಯ್ಯಾರು ಮನಿಗೇ ರೊಟ್ಟಿ ತಂದ್ರ ಬಾಯಿ ಬಿಗಿ ಹಿಡೀತಾರ. ಪ್ರಾರ್ಥನಾ ಮಾಡಾಕ ಬಂದವ್ರಿಗೆ "ನನ್ನ ಹೆಸರು ತಗೋಬ್ಯಾಡ್ರಿ, ನಿಮ್ಮ ಪ್ರಾರ್ಥನಾನೂ ಕೆಡ್ತೇತಿ" ಅಂತಾರ. ಮೊನ್ನೆ ನನ್ನ ಕಡಿಂದ ಆಣಿ ಮಾಡಿಸ್ಕೊಂಡ್ರು, ತಮ್ಮನ್ನ ಸಮಾಧಿ ಬೇಲಿ ಒಳಗ ಹೂಳಬಾರದಂತ, ಹೊರಗ ಕಳ್ಳಿ ಗಿಡದ ಬುಡಕ್ಕ ಹೂಳಬೇಕಂತ, ಗಂಟಿ ಬಾರಿಸಬಾರದಂತ. ನಾಯಿ ಹೂಳ್ತಾರ ಅಲ್ಲಿ.

ನಿನಗ ಸಿಟ್ಟೈತಿ. ಇರಬೇಕು. ನಿನ್ನ ಕೈ ಹಿಡಿದಾಗ ನಾ ಅಲ್ಲೇ ಕುಂತಿದ್ದೆ. ಸೆರಗ ಬಾಯಾಗ ಇಟಗೊಂಡು ಕುಂತಿದ್ದೆ. ಗಂಡನ ಪಾಪದ್ದು ಊರೆಲ್ಲ ಮಾತಾಡ್ತೇತಿ, ನಂದು ಯಾರೂ ಕೇಳೂದಿಲ್ಲ. ನಿನಗ ಹೇಳಾಕ ನನಗ ಬಾಯಿಲ್ಲ. ಆದ್ರೂ ಕೇಳ್ತೇನಿ. ಹೌದಂದ್ರ ಹೌದನ್ನು, ಅಲ್ಲಂದ್ರ ಅಲ್ಲನ್ನು. ಹೆಂಗಾರ ಮಾಡಿ ಆ ಜೀವ ಬಿಡಸು.

ನಿಮ್ಮವ್ವ

ಸಲೋಮಿ, ಇದು ನಾ ನಜಮಾ. ಅವ್ವ ಹೇಳಲಿಲ್ಲ, ನಾ ಹೇಳ್ತೇನಿ. ನಿಮ್ಮಪ್ಪ ದಿನಾ ನಮ್ಮ ತಮ್ಮ ಜಹಾಂಗೀರನ್ನ ಅಂಚೆ ಕಚೇರಿಗೆ ಕಳಸ್ತಾರ. ಅಂವಾ ಖಾಲಿ ಕೈಲೆ ಬಂದ್ರ ಕಣ್ಣು ಮುಚ್ಚತಾರ.


ಬಾಗಲಕೋಟೆ
೧೬ ಡಿಸೆಂಬರ್ ೧೯೮೪

ಪ್ರೀತಿಯ ಅಪ್ಪನಿಗೆ,

ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇನೆ. ಆ ದಿನ ನನ್ನ ಮೇಲೆ ಬಂದದ್ದು ಆತ್ಮನೂ ಅಲ್ಲ, ದೆವ್ವವೂ ಅಲ್ಲ. ಅದು ಮೂರ್ಛೆರೋಗ.

ಎಪ್ಪತ್ತೈದರಲ್ಲಿ ಇಲ್ಲಿ ಕೂಸಿಗೆ ನೀರು ಕಾಯಿಸುವಾಗ ಮತ್ತೆ ಹಾಗೆಯೇ ಆಯಿತು. ಕೈ ನಡುಗಿತು, ಮಾತು ತೊದಲಿತು, ಬಿದ್ದೆ. ನಮ್ಮ ಡಾಕ್ಟರು ನೋಡಿದರು. "ಮೊದಲೂ ಬಂದಿತ್ತಾ? ಬರುವ ಮುಂಚೆ ಕಾರಣವಿಲ್ಲದೆ ಸಂತೋಷ ಆಗುತ್ತದಾ?" ಎಂದು ಕೇಳಿದರು. ಹೌದು ಎಂದೆ. ಕೆಲವರಿಗೆ ಹಾಗಾಗುತ್ತದಂತೆ. ಅದು ಮೆದುಳಿನ ನರದ್ದು. ನೀವು ನನ್ನ ಮುಖದಲ್ಲಿ ಕಂಡ ನಗು ರೋಗದ್ದೇ. ನಜಮಾಳ ತಮ್ಮ ಜಹಾಂಗೀರನಿಗೆ ಬರುತ್ತದಲ್ಲ, ಅದೇ. ಅವನಿಗೆ ಕೊಡುವ ಬಿಳಿ ಮಾತ್ರೆಯನ್ನೇ ನನಗೂ ಕೊಟ್ಟಿದ್ದಾರೆ. ದಿನಕ್ಕೆ ಎರಡು. ತಪ್ಪದೆ ನುಂಗಿದರೆ ಬರುವುದಿಲ್ಲ, ಒಂಬತ್ತು ವರ್ಷದಿಂದ ಬಂದಿಲ್ಲ.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಬಹುದು. ರೋಗ ಎಂದು ಹೇಳಿಕೊಳ್ಳಲು ನಾಚಿಕೆ. ನಿಮ್ಮ ಮೇಲೆ ಸಿಟ್ಟು. ನೀವು ನರಳಲಿ ಎಂದು ಬಚ್ಚಿಟ್ಟುಕೊಂಡೆ.

ಆದ್ದರಿಂದ ಅಪ್ಪಾ, ನೀವು ಪವಿತ್ರಾತ್ಮನನ್ನು ಬೈದಿಲ್ಲ. ಆತ ಅಲ್ಲಿರಲೇ ಇಲ್ಲ. ರೋಗ ಬಂದ ಮಗಳಿಗೆ ಹೊಗೆ ಹಾಕಿದ್ದೀರಿ. ಅದು ತಪ್ಪು. ಅದು ನನಗೆ ಮಾಡಿದ ತಪ್ಪು. ಅದನ್ನು ಕ್ಷಮಿಸಿದ್ದೇನೆ.

ಕ್ರಿಸ್ಮಸ್ಸಿಗೆ ಅಯ್ಯನವರು ರೊಟ್ಟಿ ತಂದರೆ ತೆಗೆದುಕೊಳ್ಳಿರಿ.

ನಿಮ್ಮ ಮಗಳು,
ಸಲೋಮಿ


ಇಳಕಲ್
೨೦ ಜನವರಿ ೧೯೮೫

ನನ್ನ ಕೂಸ,

ನಿಮ್ಮಪ್ಪ ಹೋದ್ರು. ಹೋದ ರವಿವಾರ, ಸಭೆ ಗುಡಿ ಗಂಟಿ ಬಾರಿಸೂ ಹೊತ್ತಿಗೆ. ಸುದ್ದಿ ನಿನಗ ಪತ್ರದಾಗ ಮುಟ್ಟಾಕತ್ತೇತಿ. ನಾ ತಾರು ಕೊಡ್ತೇನಿ ಅಂದ್ರ ಅವರೇ ಬ್ಯಾಡಂದಿದ್ರು. "ಅಕಿ ಬಂದ್ರ ಅಕಿ ಕಣ್ಣ ನಾ ನೋಡಬೇಕಾಗ್ತೇತಿ, ಅಷ್ಟು ತಾಕತ್ತು ನನಗಿಲ್ಲ" ಅಂದ್ರು. ತಪ್ಪು ತಿಳೀಬ್ಯಾಡ.

ನಿನ್ನ ಪತ್ರ ಬಂದ ದಿನ ನಜಮಾ ಓದಿದ್ಲು. ಇನ್ನೊಮ್ಮೆ ಓದು ಅಂದ್ರು. ಮತ್ತೊಮ್ಮೆ ಓದು ಅಂದ್ರು. ಆಮ್ಯಾಲ ಗ್ವಾಡಿ ಕಡೆಯಿಂದ ಹೊಳ್ಳಿ ನನ್ನ ಮುಖಾ ನೋಡಿದ್ರು. "ಹಂಗಾರ ನಂದು ಬರೇ ಪಾಪ, ರೂತಾ. ಬರೇ ಪಾಪಕ್ಕ ಕ್ಷಮಾ ಐತಿ" ಅಂದ್ರು. ಆಮ್ಯಾಲ ಅತ್ತರು. "ಜಡ್ಡಿನ ಕೂಸಿಗೆ ಹೊಗಿ ಹಾಕಿದೆ" ಅಂತ ಅತ್ತರು. ಗಂಡಸು ಹಂಗ ಅಳೂದು ನಾ ನೋಡಿದ್ದಿಲ್ಲ. ಆದ್ರ ಮೊದಲಿನ ಸಂಕಟ ಅಲ್ಲ ಅದು. ಅತ್ತ ಮ್ಯಾಲೆ ಗಂಜಿ ಕೇಳಿದ್ರು.

ಮರುದಿನ ಜಹಾಂಗೀರನ್ನ ಕರಸಿ ಹತ್ತಿರ ಕುಂದರಿಸ್ಕೊಂಡ್ರು. ತಲಿ ಮ್ಯಾಲೆ ಕೈ ಇಟ್ಟು "ಇವಗ ಯಾರೂ ಎಂದೂ ಹೊಗಿ ಹಾಕಬ್ಯಾಡ್ರಿ, ಇದು ಜಡ್ಡು" ಅಂತ ನಜೀರಸಾಬಗ ಹೇಳಿದ್ರು. ಅವರು "ನಾವ್ಯಾಕ ಹಾಕೋಣ್ರಿ ಯೋನಪ್ಪ" ಅಂದ್ರು. ಕ್ರಿಸ್ಮಸ್ ದಿನ ರೊಟ್ಟಿ ತಿಂದ್ರು. ದ್ರಾಕ್ಷಿ ರಸಾ ಕುಡದ್ರು. ಬೇಲಿ ಒಳಗ ಹೂಳೇವಿ. ಗಂಟಿ ಬಾರಿಸೇವಿ. ಸಭೆ ಪಟ್ಟ್ಯಾಗ ನಿನ್ನ ಹೆಸರು ತಾವೇ ಬರದು ಹೋಗ್ಯಾರ. ಅದರ ಚೀಟಿ ಈ ಪತ್ರದಾಗ ಇಟ್ಟೇನಿ.

ಮಾತ್ರಿ ಬಿಡಬ್ಯಾಡವ್ವಾ. ಎರಡೂ ಹೊತ್ತು ನುಂಗು.

ನಿಮ್ಮವ್ವ

ಸಲೋಮಿ, ನಾ ನಜಮಾ. ಅವ್ವನ ಮುಂದ ನಾ ಏನೂ ಅನ್ನಲಿಲ್ಲ. ಆದ್ರ ಆ ಶುಕ್ರವಾರ ನಾ ನಿಮ್ಮ ಕಿಡಕ್ಯಾಗ ನಿಂತಿದ್ದೆ. ನಮ್ಮ ತಮ್ಮಗ ಮೂರ್ಛಿ ಬರೂದು ಸಣ್ಣಾಂವ ಇದ್ದಾಗಿಂದ ನೋಡೇನಿ. ಹಲ್ಲು ಕಡೀತಾನ, ನೊರಿ ಬರ್ತೇತಿ, ಎದ್ದ ಮ್ಯಾಲೆ ತಾ ಎಲ್ಲಿದ್ದೇನಿ ಅಂತ ಗೊತ್ತಾಗೂದಿಲ್ಲ. ನಿನಗ ಹಂಗಾಗಿದ್ದಿಲ್ಲ, ನೀ ನಗಾಕತ್ತಿದ್ದಿ. "ನಾ ಸಲೋಮಿ" ಅಂತ ನೀ ಹೇಳೂದು ನನಗ ಕೇಳಿಸಿತ್ತು. ನೀ ಬರದದ್ದು ಖರೇನ?


ಬಾಗಲಕೋಟೆ
೮ ಏಪ್ರಿಲ್ ೧೯೮೫

ಪ್ರೀತಿಯ ನಜಮಾ,

ನೀನು ಕೇಳಿ ಎರಡೂವರೆ ತಿಂಗಳಾಯಿತು. ನಿನಗೆ ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ತಡವಾಯಿತು.

ನನಗೆ ಮೂರ್ಛೆ ಎಂದೂ ಬಂದಿಲ್ಲ. ನಿನ್ನ ತಮ್ಮನ ರೋಗವನ್ನು ಕದ್ದು ಬರೆದೆ. ಎಪ್ಪತ್ತೈದರಲ್ಲಿ ನಾನು ಬೀಳಲಿಲ್ಲ. ಬಿದ್ದವಳು ಒಬ್ಬ ಬಾಣಂತಿ. ಡಾಕ್ಟರು ಅವಳನ್ನು ಕೇಳಿದ ಪ್ರಶ್ನೆಗಳನ್ನೇ ನನ್ನವೆಂದು ಬರೆದೆ. ಬಿಳಿ ಮಾತ್ರೆಯನ್ನು ನಾನು ಕೈಯಲ್ಲಿ ಹಿಡಿದದ್ದು ಬೇರೆಯವರಿಗೆ ಕೊಡುವಾಗ ಮಾತ್ರ.

ಆ ಶುಕ್ರವಾರ ಏನಾಯಿತು ಎಂದು ಹನ್ನೆರಡು ವರ್ಷದಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ. ದೊಡ್ಡದೇನೂ ಅಲ್ಲ. ಸೆಕೆಯಿತ್ತು, ಉಪವಾಸದ ಹಸಿವಿತ್ತು, ಯಾರದೋ ಕೂಸು ಅಳುತ್ತಿತ್ತು. ಎಲ್ಲ ಹಾಗೆಯೇ ಇತ್ತು, ನನಗೆ ಅಂಜಿಕೆ ಮಾತ್ರ ಇರಲಿಲ್ಲ. ಹುಟ್ಟಿದಾಗಿನಿಂದ ಅಪ್ಪನ ಹೆಜ್ಜೆಯ ಸದ್ದಿಗೆ ಅಂಜಿದವಳು ನಾನು. ಆ ಗಳಿಗೆ ಅಪ್ಪನಿಗೂ ಅಂಜಲಿಲ್ಲ, ಸಾವಿಗೂ ಅಂಜಲಿಲ್ಲ. ನನ್ನನ್ನು ಪೂರ್ತಿ ಬಲ್ಲ ಒಬ್ಬರು ಪಕ್ಕದಲ್ಲಿ ಬಂದು ಕುಳಿತಿದ್ದರು. ಅದು ಯಾರು ಎಂದು ನನಗೆ ಗೊತ್ತಿತ್ತು, ಕೇಳಬೇಕಾಗಿರಲಿಲ್ಲ. ನಿನಗೆ ಕಂಡ ನಗು ಅದೇ, ಅಪ್ಪನಿಗೆ ಕಂಡದ್ದೂ ಅದೇ. ಆಮೇಲೆ ಎಂದೂ ಹಾಗಾಗಲಿಲ್ಲ. ಒಂದು ಕಣ್ಣು ಹೋದರೂ ಅದೊಂದು ಉಳಿದಿತ್ತು. ಕನ್ನಡಿ ನೋಡಿದಾಗಲೆಲ್ಲ, ಇರಲಿ, ಅದು ಖರೆ ಇತ್ತು ಎಂದುಕೊಂಡೇ ಬದುಕಿದೆ.

ಅದನ್ನೇ ರೋಗ ಎಂದು ಬರೆದೆ. ಆತ ಅಲ್ಲಿರಲೇ ಇಲ್ಲ ಎಂದು ಬರೆದೆ.

ಅಪ್ಪನ ಪತ್ರದಲ್ಲಿ ಆ ಹುಡುಗ ಪಾದ್ರಿಯ ಮಾತೊಂದಿತ್ತು. ಬೆಳಕೆಂದು ಗೊತ್ತಿದ್ದು, ಬೇಕೆಂದೇ ಕತ್ತಲೆ ಎನ್ನುವವನಿಗೆ ಮಾತ್ರ ಕ್ಷಮೆಯಿಲ್ಲ ಎಂದು. ಅಪ್ಪ ಅಂಜಿಕೊಂಡು, ನಾಚಿಕೊಂಡು, ಜನರ ನಡುವೆ ಒಂದು ಮಾತು ಅಂದುಬಿಟ್ಟರು. ನಾನು ಒಬ್ಬಳೇ ಕುಳಿತು, ಎರಡು ಕಾಗದ ಹರಿದು, ಮೂರನೆಯದರಲ್ಲಿ ಚೆಂದ ಅಕ್ಷರದಲ್ಲಿ ಬರೆದೆ. ಅವರಿಗೆ ಅನುಮಾನವಿತ್ತು. ನನಗೆ ಅನುಮಾನವೇ ಇರಲಿಲ್ಲ.

"ಕ್ಷಮಿಸಿದ್ದೇನೆ" ಎಂದು ಬರೆದದ್ದೂ ಆಗ ಸುಳ್ಳೇ. ಜಹಾಂಗೀರನ ತಲೆಯ ಮೇಲೆ ಕೈ ಇಟ್ಟರು ಎಂದು ಓದಿದ ದಿನ ಅದು ಖರೆಯಾಯಿತು. ಕೂಸುಗಳಿಗೆ ಎರೆಯುವ ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ಅತ್ತೆ. ಅಪ್ಪ ಸಮಾಧಾನದಿಂದ ಹೋದರು ಎಂದು ನನಗೆ ಸಂತೋಷವಿದೆ, ನಜಮಾ. ನೀನು ನಂಬಬೇಕು.

ಪಶ್ಚಾತ್ತಾಪ ಪಟ್ಟರೆ ಆಯಿತಲ್ಲ ಎಂದು ನೀನು ಅನ್ನಬಹುದು. ಪ್ರಯತ್ನಪಟ್ಟೆ. ಮೊಣಕಾಲೂರಿದರೆ ಗೋಡೆ ಕಡೆ ಮುಖ ಮಾಡಿ ಮಲಗಿದ ಅಪ್ಪ ಕಾಣುತ್ತಾರೆ. ಮತ್ತೆ ಬರೆಯಬೇಕಾಗಿ ಬಂದರೂ ಅದನ್ನೇ ಬರೆಯುತ್ತೇನೆ. ಮನಸ್ಸಿನಲ್ಲಿ ಇದನ್ನು ಇಟ್ಟುಕೊಂಡು ತಪ್ಪಾಯಿತು ಎಂದು ಹೇಗೆ ಹೇಳಲಿ?

ನಿನ್ನೆ ಪುನರುತ್ಥಾನದ ಹಬ್ಬ. ಅಪ್ಪ ಸಭೆಯ ಪಟ್ಟಿಯಲ್ಲಿ ನನ್ನ ಹೆಸರು ಬರೆದು ಹೋದರಲ್ಲ, ಆ ಚೀಟಿಯನ್ನು ಇಲ್ಲಿಯ ಪಾದ್ರಿಗಳಿಗೆ ತೋರಿಸಿದೆ. ಹನ್ನೆರಡು ವರ್ಷದ ಮೇಲೆ ಪಟ್ಟಿಯಲ್ಲಿ ಹೆಸರಿಲ್ಲದವರ ಹಿಂದಿನ ಚಾಪೆ ಬಿಟ್ಟು ಮುಂದೆ ಕುಳಿತೆ. ರೊಟ್ಟಿಯ ತಟ್ಟೆ ನನ್ನ ಮುಂದೆ ಬಂತು. ಕೈ ಚಾಚಿದೆ, ಆಗಲಿಲ್ಲ. ಪಕ್ಕದವಳಿಗೆ ದಾಟಿಸಿದೆ.

ಇದನ್ನು ಓದಿದ ಮೇಲೆ ನಿಮ್ಮ ಬಣ್ಣದ ಹಂಡೆಯ ಒಲೆಗೆ ಹಾಕಿಬಿಡು. ಅವ್ವ ಕೇಳಿದರೆ, ಎರಡೂ ಹೊತ್ತು ಮಾತ್ರೆ ತಪ್ಪದೆ ನುಂಗುತ್ತಾಳೆ ಎಂದು ಹೇಳು.

ನಿನ್ನ,
ಸಲೋಮಿ